ಬಿಡಲ್ಲ ಎಂದವರ ಬೀಡಿ ಲೆಕ್ಕ

ಕಾರವಾರದಲ್ಲಿ ಬಿಪಿ, ಶುಗರ್ ನೋಡುವ ಕ್ಲಿನಿಕ್‌ನಲ್ಲಿ ನಾನು ನರ್ಸ್. "ಬೀಡಿ ವಿಷ್ಯ ಒಂದು ಬಿಟ್ಟು ಏನ್ ಬೇಕಾದ್ರೂ ಹೇಳಿ ಸಿಸ್ಟರ್" ಅನ್ನುವವರು ದಿನಾ ಸಿಗುತ್ತಾರೆ. 'ಬಿಡಲು ಮನಸ್ಸಿಲ್ಲ' ಎಂದು ಬರೆದು ಮುಂದಿನವರನ್ನು ಕರೆಯಬಹುದು. ಆದರೆ ಇವರು ಮಾತ್ರೆಗೆಂದು ತಿಂಗಳು ತಿಂಗಳು ಬರುವವರು. ನೋಡ್ತಾ ನೋಡ್ತಾ ಗೊತ್ತಾಯಿತು, ಮನಸ್ಸು ಬದಲಾಗದಿದ್ದರೂ ಸೇದುವ ರೀತಿ ಬದಲಾಗುತ್ತಲೇ ಇರುತ್ತದೆ.

ಬೈತಖೋಲ ಬಂದರಿನ ಬೋಟಿನವರನ್ನೇ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ರಾತ್ರಿ ಬಲೆ ಕಾಯುತ್ತ ಒಂದರ ಹಿಂದೆ ಒಂದು ಹಚ್ಚುವವರು ಆಗ ಮೊಮ್ಮಕ್ಕಳ ಎದುರು ಸೇದಲಾಗದೆ ಕಮ್ಮಿ ಮಾಡುತ್ತಾರೆ. ಕೈಯಲ್ಲಿ ಕಾಸೂ ಇರೋದಿಲ್ಲ, ಸಿಗರೇಟಿನವರು ಬೀಡಿಗೆ ಇಳಿಯುತ್ತಾರೆ. ಆಗಸ್ಟ್‌ನಲ್ಲಿ ಹೆಚ್ಚಿನವರದ್ದು ಮತ್ತೆ ಮೊದಲಿನ ಹಾಗೇ. ಕೆಲವರದ್ದು ಮಾತ್ರ ಅಷ್ಟಕ್ಕೆ ಏರೋದಿಲ್ಲ.

'ದಿನಕ್ಕೆ ಎಷ್ಟು' ಅನ್ನೋ ಲೆಕ್ಕವನ್ನು ನಾನು ಪೂರ್ತಿ ನಂಬಲ್ಲ. ಒಬ್ಬ ತಾಂಡೇಲರು (ಬೋಟು ನಡೆಸುವವರು) ಒಂದು ಕಟ್ಟಿನಿಂದ ಅರ್ಧ ಕಟ್ಟಿಗೆ ಇಳಿಸಿದ್ದರು. ಹೇಗೆ ಸೇದ್ತೀರಿ ತೋರಿಸಿ ಅಂದೆ. ಖಾಲಿ ಬೆರಳಲ್ಲೇ, ಕೆನ್ನೆ ಒಳಗೆ ಹೋಗುವಷ್ಟು ಎಳೆದು, ಹೊಗೆ ಒಳಗೇ ಹಿಡಿದ ಹಾಗೆ ಮಾಡಿ ತೋರಿಸಿದರು. ಬೆರಳ ತುದಿ ಸುಟ್ಟು ಹಳದಿಯಾಗಿತ್ತು, ಅಂದ್ರೆ ದಾರದವರೆಗೂ ಬಿಡಲ್ಲ. ದೇಹ ತನ್ನ ಪಾಲಿನ ನಿಕೋಟಿನ್ ಹೇಗಾದರೂ ವಸೂಲಿ ಮಾಡುತ್ತದೆ. ದಿನಕ್ಕೆ ಒಂದೇ ಸಿಗರೇಟು ಸೇದಿದರೂ ಹೃದಯಕ್ಕೆ ಬರುವ ಹೆಚ್ಚಿನ ಅಪಾಯ 20 ಸೇದುವವರಿಗೆ ಇರೋದರ ಹತ್ತಿರ ಹತ್ತಿರ ಅರ್ಧ. ಹಾಗಾಗಿ ಅರ್ಧ ಕಟ್ಟು ಅಂದ ಕೂಡಲೇ ಶಭಾಸ್ ಅನ್ನೋಕಾಗಲ್ಲ.

ಇನ್ನೊಂದು, ಕವಳ, ಅಂದ್ರೆ ಎಲೆಅಡಿಕೆ. ನಮ್ಮ ಕಡೆ ಬೀಡಿ ಕಮ್ಮಿಯಾಯ್ತು ಅನ್ನುವವರ ಕವಳದಲ್ಲಿ ಹೊಗೆಸೊಪ್ಪು ಜಾಸ್ತಿಯಾಗಿರುತ್ತದೆ. ಅದನ್ನು ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳೋದಿಲ್ಲ.

ಈಗ ನಾನು ಮೊದಲು ಕೇಳೋದು, ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲ ಬೀಡಿ? ಐದು ನಿಮಿಷದೊಳಗೆ ಅಂದರೆ ಚಟ ಗಟ್ಟಿ ಇದೆ. ತಾಂಡೇಲರು ಮೊದಲು ಹಾಸಿಗೆಯಲ್ಲೇ ಹಚ್ಚುತ್ತಿದ್ದರು, ಈಗ ಚಾ ಕುಡಿದು ಬಂದರಿಗೆ ಹೋದ ಮೇಲೆ. ಬಿಡಿ ಅಂದರೆ ಮುಖ ತಿರುಗಿಸುವವರು 'ಸ್ವಲ್ಪ ತಡ ಮಾಡಿ' ಅಂದರೆ ಕೇಳುತ್ತಾರೆ. ಬಿಡುವ ಮನಸ್ಸಿಲ್ಲದವರಿಗೂ ನಿಕೋಟಿನ್ ಗಮ್ ಕೊಟ್ಟು ಕಮ್ಮಿ ಮಾಡಿಸಿದರೆ ಕೆಲವರು ಕೊನೆಗೆ ಪೂರ್ತಿ ಬಿಟ್ಟಿದ್ದು ಅಧ್ಯಯನಗಳಲ್ಲಿ ಕಂಡಿದೆ.

ತಾಂಡೇಲರ ಕಾರ್ಡಿನ ಹಿಂದೆ 1800-11-2356 ಬರೆದುಕೊಟ್ಟೆ, ತಂಬಾಕು ಬಿಡಿಸುವ ಉಚಿತ ಸಹಾಯವಾಣಿ. "ನಾ ಫೋನ್ ಗೀನ್ ಮಾಡೋದಿಲ್ಲ" ಅಂದರು. ಬೇಡ ಬಿಡಿ, ಮುಂದಿನ ತಿಂಗಳು ಬಂದಾಗ ಮೊದಲ ಬೀಡಿ ಎಷ್ಟು ಹೊತ್ತಿಗೆ ಅಂತ ಹೇಳಿದ್ರೆ ಸಾಕು ಅಂದೆ.