ಆ ಬ್ಯೂಗಲ್ ಬ್ರಿಟಿಷರದ್ದಲ್ಲವೇ ಎನ್ನುವವರಿಗೆ

“ಕಾಕಾ, ಆ ಅಳು ಬರಿಸುವ ರಾಗ ಬ್ರಿಟಿಷರದ್ದಲ್ಲವೇ? ನಾವೇಕೆ ಇನ್ನೂ ಊದಬೇಕು?”

ಸೈನ್ಯದಲ್ಲಿ ಬ್ಯೂಗಲ್ ಎಂಬ ಹಿತ್ತಾಳೆಯ ಕಹಳೆ ಊದುತ್ತಿದ್ದವನು ನಾನು. ನಿವೃತ್ತನಾಗಿ ಪುಣೆಯ ಖಡ್ಕಿಯಲ್ಲಿ ನೆಲೆಸಿದ ಮೇಲೆ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕೇಳುವುದು ಸತ್ತ ಸೈನಿಕರ ನೆನಪಿಗೆ ಊದುವ ‘ಲಾಸ್ಟ್ ಪೋಸ್ಟ್’ ಬಗ್ಗೆ. ಜುಲೈ 26ಕ್ಕೆ ಕೇಳುತ್ತಾರೆ, ಆಗಸ್ಟ್ 15ಕ್ಕೆ ಕೇಳುತ್ತಾರೆ, ಕನ್ನಡ ಬಳಗದ ಊಟದ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬಡಿಸುತ್ತಲೂ ಕೇಳುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ಹೌದು, ‘ಲಾಸ್ಟ್ ಪೋಸ್ಟ್’ ಬ್ರಿಟಿಷ್ ಸೈನ್ಯದಿಂದ ಬಂದದ್ದು. ಆದರೆ ಅದು ಶೋಕಗೀತೆಯಾಗಿ ಹುಟ್ಟಲಿಲ್ಲ. ರಾತ್ರಿ ಅಧಿಕಾರಿ ಪಹರೆಯ ಜಾಗಗಳನ್ನು ಒಂದೊಂದಾಗಿ ನೋಡುತ್ತಾ ಬಂದು, ಕೊನೆಯದನ್ನೂ ಪರೀಕ್ಷಿಸಿ ಮುಗಿಸಿದಾಗ ಊದುತ್ತಿದ್ದ ಕರೆ ಅದು. ಪಹರೆಯವರೆಲ್ಲ ಇದ್ದಲ್ಲಿ ಇದ್ದಾರೆ, ಉಳಿದವರು ಮಲಗಬಹುದು ಎಂದು ಅದರ ಅರ್ಥ. ಸೈನಿಕರ ಅಂತ್ಯಕ್ರಿಯೆಗೆ ಅದು ಬಂದದ್ದು ಆಮೇಲೆ. ನಿನ್ನ ಪಾಳಿ ಮುಗಿಯಿತು ಎಂದು ಸತ್ತವನಿಗೆ ಹೇಳಲು, ಅವನು ಬದುಕಿದ್ದಾಗ ದಿನವೂ ಕೇಳಿದ್ದ ಕರೆಯೇ ಸಾಕಾಯಿತು.

ಬ್ರಿಟಿಷರ ಮಾತು ಬಂತಲ್ಲ, ಬೆಲ್ಜಿಯಂನ ಈಪರ್ ಪಟ್ಟಣದ ವಿಷಯ ಕೇಳಿ. ಅಲ್ಲಿನ ಮೆನಿನ್ ಗೇಟ್ ಎಂಬ ಸ್ಮಾರಕ ದ್ವಾರದ ಮೇಲೆ ಮೊದಲ ಮಹಾಯುದ್ಧದಲ್ಲಿ ಸತ್ತು ಸಮಾಧಿಯೂ ಸಿಗದ 54,000ಕ್ಕೂ ಹೆಚ್ಚು ಜನರ ಹೆಸರುಗಳಿವೆ. ನಮ್ಮ ಭಾರತೀಯ ಸೈನಿಕರ ಹೆಸರುಗಳೂ ಇವೆ. ಅದರ ಕೆಳಗೆ ಸಂಜೆ ಎಂಟಕ್ಕೆ ಲಾಸ್ಟ್ ಪೋಸ್ಟ್ ಊದುವ ಪದ್ಧತಿ 1928ರಲ್ಲಿ ಶುರುವಾಯಿತು. ಊದುವವರು ಬ್ರಿಟಿಷರಲ್ಲ, ಆ ಊರಿನ ಅಗ್ನಿಶಾಮಕ ದಳದ ಸ್ವಯಂಸೇವಕರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಹಿಡಿದಾಗ ಅದು ನಿಂತಿತು. 1944ರ ಸೆಪ್ಟೆಂಬರ್ 6ರಂದು ಊರು ಬಿಡುಗಡೆಯಾದ ಸಂಜೆಯೇ ಮತ್ತೆ ಊದಿದರು. ಆ ಕರೆ ಯಾರದು ಎಂದು ಅವರು ಚರ್ಚೆ ಮಾಡುತ್ತಾ ಕೂರಲಿಲ್ಲ.

ಇನ್ನೊಂದು ಮಾತು ನನಗೆ ಸಿಟ್ಟು ತರಿಸುತ್ತದೆ: “ಬರೀ ಐದು ಸ್ವರ, ಅದರಲ್ಲೇನಿದೆ?” ಬ್ಯೂಗಲ್‌ಗೆ ಗುಂಡಿಗಳಿಲ್ಲ, ರಂಧ್ರಗಳಿಲ್ಲ. ಐದು ಸ್ವರಗಳನ್ನೂ ತುಟಿಯ ಬಿಗಿ ಮತ್ತು ಉಸಿರಿನಿಂದಲೇ ಹುಟ್ಟಿಸಬೇಕು. ತುಟಿ ಕೂದಲೆಳೆಯಷ್ಟು ಸಡಿಲಾದರೆ ಸ್ವರ ಒಡೆಯುತ್ತದೆ, ಒಡೆದದ್ದು ಇಡೀ ಮೈದಾನಕ್ಕೆ ಕೇಳುತ್ತದೆ. ಎದುರಿಗೆ ಸತ್ತ ಹುಡುಗನ ತಾಯಿ ಕುಳಿತಿರುತ್ತಾಳೆ.

ಕೆಲವು ವರ್ಷಗಳ ಹಿಂದೆ ಇಲ್ಲಿನ ಒಂದು ವಸತಿ ಸಂಕೀರ್ಣದವರು ಕಾರ್ಗಿಲ್ ವಿಜಯ ದಿವಸಕ್ಕೆ ನನ್ನನ್ನು ಕರೆದರು. ಬ್ಯೂಗಲ್ ತರುವುದು ಬೇಡ, ಧ್ವನಿಮುದ್ರಣ ಇದೆ ಎಂದರು. ಮೊಬೈಲಿನಿಂದ ಧ್ವನಿವರ್ಧಕಕ್ಕೆ ಹಾಕಿದರು. ಮೊದಲ ಮೂರು ಸ್ವರಕ್ಕೇ ನನ್ನ ಮೈ ಉರಿಯಿತು. ಅದು ‘ಟ್ಯಾಪ್ಸ್’. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಜನರಲ್ ಡೇನಿಯಲ್ ಬಟರ್‌ಫೀಲ್ಡ್ ರೂಪಿಸಿದ 24 ಸ್ವರಗಳ ಕರೆ. ಅಮೆರಿಕದವರಿಗೆ ಅದು ಪವಿತ್ರ, ಸರಿ. ನಮ್ಮ ಹುಡುಗರ ಮೇಲೆ ಊದಿದ್ದು ಅದಲ್ಲ. ಹೇಳಿದೆ. “ಎರಡೂ ದುಃಖದ್ದೇ ಅಲ್ಲವೇ, ಕಾಕಾ?” ಎಂದರು. ಹಿಂದಿನ ವರ್ಷ ಬ್ರಿಟಿಷರದ್ದು ಬೇಡ ಎಂದು ನನ್ನೊಡನೆ ವಾದಿಸಿದವರೂ ಅವರೇ. ನಾನು ಚಹಾಕ್ಕೆ ನಿಲ್ಲಲಿಲ್ಲ.

ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಲಾಸ್ಟ್ ಪೋಸ್ಟ್ ಆದ ಮೇಲಿನ ಎರಡು ನಿಮಿಷಗಳ ಮೌನದಲ್ಲಿ ಬ್ಯೂಗಲ್ ಊದುವವನು ಏನು ಮಾಡುತ್ತಾನೆ?

ಮೌನದ ನಂತರ ಅವನು ‘ರೌಸ್’ ಊದಬೇಕು. ಬೆಳಿಗ್ಗೆ ಸೈನಿಕರನ್ನು ಎಬ್ಬಿಸುವ ಕರೆ. ರಾತ್ರಿಯ ಕರೆಯ ಹಿಂದೆ ಬೆಳಗಿನ ಕರೆ ಬಂದರೆ ಮಾತ್ರ ಆಚರಣೆ ಪೂರ್ತಿಯಾಗುತ್ತದೆ. ಆದರೆ ಆ ಎರಡು ನಿಮಿಷಗಳಲ್ಲಿ ಊದಿ ಬಿಸಿಯಾಗಿದ್ದ ತುಟಿ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಇಲ್ಲೇ ಪುಣೆಯ ಘೋರ್ಪಡಿ ಬಳಿ ನಾಗರಿಕರ ದೇಣಿಗೆಯಿಂದ ಎದ್ದ ಯುದ್ಧ ಸ್ಮಾರಕದಲ್ಲಿ ಡಿಸೆಂಬರಿನ ಬೆಳಿಗ್ಗೆ ನಿಂತರೆ ಹಿತ್ತಾಳೆಯೂ ಕೊರೆಯುತ್ತಿರುತ್ತದೆ. ಸಾವಧಾನ್‌ನಲ್ಲಿ, ಅಂದರೆ ಕವಾಯತಿನ ನೆಟ್ಟ ನಿಲುವಿನಲ್ಲಿ, ನಿಂತವನು ಕದಲುವಂತಿಲ್ಲ, ಪರೀಕ್ಷೆಗೆಂದು ಒಂದು ಸ್ವರ ಊದಿ ನೋಡುವಂತಿಲ್ಲ. ನೆರೆದವರೆಲ್ಲ ಸತ್ತವರನ್ನು ನೆನೆಯುತ್ತಾರೆ. ಅವನಿಗೆ ಮಾತ್ರ ಆ ಹಕ್ಕಿಲ್ಲ. ನೆನೆದರೆ ಗಂಟಲು ಕಟ್ಟುತ್ತದೆ, ರೌಸ್ ಕೆಡುತ್ತದೆ. ಅವನು ಮೊದಲ ಸ್ವರವನ್ನಷ್ಟೇ ತಲೆಯಲ್ಲಿ ಹಿಡಿದು ನಿಂತಿರುತ್ತಾನೆ.

ನನ್ನೊಡನೆ ಬೆಳಗಾವಿಯಲ್ಲಿ ತರಬೇತಿ ಪಡೆದವನೊಬ್ಬನಿಗೆ ನಾನೇ ಲಾಸ್ಟ್ ಪೋಸ್ಟ್ ಊದಿದ್ದೇನೆ. ಆ ಎರಡು ನಿಮಿಷಗಳಲ್ಲಿ ಅವನ ಮುಖವನ್ನು ನೆನೆಯಲಿಲ್ಲ. ರೌಸ್ ಒಡೆಯದೆ ಬಂತು. ಅತ್ತದ್ದು ಬ್ಯಾರಕ್‌ಗೆ ಬಂದ ಮೇಲೆ.

ಆದ್ದರಿಂದ ಮುಂದಿನ ಸಲ ಇಂಥ ಆಚರಣೆಗೆ ಬಂದಾಗ ರೌಸ್ ಪೂರ್ತಿ ಮುಗಿಯುವ ತನಕ ಕುರ್ಚಿ ಎಳೆಯಬೇಡಿ, ಮೊಬೈಲ್ ತೆಗೆಯಬೇಡಿ, ಉಪಾಹಾರದ ಮೇಜಿನತ್ತ ನಡೆಯಬೇಡಿ. ರಾಗ ಯಾರದು ಎಂಬ ಚರ್ಚೆಗೆ ಆಮೇಲೆ ಬನ್ನಿ, ನಾನು ಅಲ್ಲೇ ಇರುತ್ತೇನೆ.