ಡೆಂಕನಮರಡಿಯಲ್ಲಿ ಕೇಳಿದ ಒಂದು ಸಾಲು

ಕಾರ್ಣಿಕ ಅಂದ್ರೆ ಭವಿಷ್ಯ ಹೇಳುವುದು, ಅಷ್ಟೇ ಅಂದುಕೊಂಡಿದ್ದೆ. 2025ರ ಫೆಬ್ರವರಿಯಲ್ಲಿ ಮೈಲಾರಲಿಂಗ ದೇವರ ಜಾತ್ರೆಯ ಕಾರ್ಣಿಕ ಕೇಳಲು ಮೈಲಾರಕ್ಕೆ ಹೋಗಿ ಬಂದ ಮೇಲೆ ಹಾಗನ್ನಿಸುತ್ತಿಲ್ಲ.

ಹೂವಿನಹಡಗಲಿಯಿಂದ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭರತ ಹುಣ್ಣಿಮೆ ಆಗಷ್ಟೇ ಕಳೆದಿತ್ತು. ದಾರಿಯುದ್ದಕ್ಕೂ ಎತ್ತಿನ ಬಂಡಿ, ಟ್ರ್ಯಾಕ್ಟರ್, ಕರಿ ಕಂಬಳಿ ಹೊದ್ದು ಡಮರುಗ ಬಾರಿಸುತ್ತ ನಡೆಯುವ ಗೊರವರು, ಅಂದ್ರೆ ಮೈಲಾರಲಿಂಗನ ದೀಕ್ಷೆ ಪಡೆದ ಭಕ್ತರು, ಎಲ್ಲರ ಹಣೆಯಲ್ಲೂ ಭಂಡಾರದ ಅರಿಶಿನ ಪುಡಿ. ಮೈಲಾರಲಿಂಗ ಮಣಿ-ಮಲ್ಲಾಸುರರನ್ನು ಕೊಂದ ಕತೆಯನ್ನು ಪಕ್ಕದವರು ನನಗೆ ಎರಡು ಸಲ ಹೇಳಿದರು.

ಸಂಜೆ ಕಾರ್ಣಿಕ ನುಡಿಯುವ ಜಾಗವಾದ ಡೆಂಕನಮರಡಿಯಲ್ಲಿ ಎಲ್ಲಿ ನೋಡಿದರೂ ತಲೆಗಳೇ. ‘ಏಳು ಕೋಟಿ ಏಳು ಕೋಟಿಗೋ ಚಾಂಗಮಲೋ’ ಎಂಬ ಕೂಗು ಎದೆಗೇ ಬಡಿಯುತ್ತಿತ್ತು. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ, ಮುಗಿಲು ನೋಡಿ, ‘ಸದ್ದಲೇ’ ಎಂದರು. ಅಷ್ಟು ಜನ ಒಮ್ಮೆಲೇ ಸುಮ್ಮನಾದರು, ಕಂಕುಳಲ್ಲಿದ್ದ ಕೂಸು ಅತ್ತರೂ ಕೇಳಿಸುವಷ್ಟು. ‘ತುಂಬಿದ ಕೊಡ ತುಳುಕಿತಲೇ ಪರಾಕ್!’ ಅಷ್ಟೇ. ಮೇಲಿಂದ ಬಿದ್ದ ಗೊರವಯ್ಯನವರನ್ನು ಕೆಳಗಿದ್ದ ಗೊರವರು ಕಂಬಳಿಯಲ್ಲಿ ಹಿಡಿದರು.

ತುಂಬಿದ ಕೊಡ ತುಳುಕುವುದಿಲ್ಲ ಅಂತ ಗಾದೆ ಕೇಳಿ ಬೆಳೆದವರು ನಾವು. ಇಲ್ಲಿ ಅದೇ ಕೊಡ ತುಳುಕಿಬಿಟ್ಟಿದೆ! ಮಳೆಯೋ, ರಾಜಕೀಯವೋ? 2023ರಲ್ಲಿ ‘ಅಂಬಲಿ ಹಳಸಿತು ಕಂಬಳಿ ಬೀಸಿತಲೇ ಪರಾಕ್’ ಎಂದಿದ್ದನ್ನೂ ಜನ ಎಲೆಕ್ಷನ್ನಿಗೆ ಹೊಂದಿಸಿ ನೋಡಿದ್ದರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಸಾಲು ದೇವರದು ಎಂದೇ ಜನ ಕೇಳುತ್ತಾರೆ, ಗೊರವಯ್ಯ ಬರೀ ಬಾಯಿ. ಅದರ ಅರ್ಥ ಅವರು ಬಿಡಿಸಿ ಹೇಳಲಿಲ್ಲ. ಅದನ್ನು ಹುಡುಕುವ ಕೆಲಸ ಕೇಳಿದವರಿಗೇ ಬಿಟ್ಟಿದ್ದು. ಪ್ರವಾದಿ ಎಂಬ ಮಾತನ್ನು ನಾನು ಓದಿದ್ದು ದೊಡ್ಡ ದೊಡ್ಡ ಗ್ರಂಥಗಳಲ್ಲಿ, ಆದರೆ ತನ್ನದಲ್ಲದ ಮಾತು ಹೊತ್ತ ಮನುಷ್ಯ ಹೇಗಿರುತ್ತಾನೆ ಅಂತ ಕಣ್ಣಾರೆ ಕಂಡಿದ್ದು ಆ ಮರಡಿಯಲ್ಲೇ.

ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದ ಅಜ್ಜನನ್ನು ಕೇಳಿದೆ, ‘ಅಜ್ಜಾ, ನಿಮಗೆ ಏನನ್ನಿಸ್ತು?’

ಭಂಡಾರದ ಪೊಟ್ಟಣವನ್ನು ಟವೆಲ್ಲಿನ ತುದಿಗೆ ಗಂಟು ಹಾಕುತ್ತ ಹೇಳಿದರು: ‘ನಮ್ದು ಹೊಳಿ ದಂಡಿ ಹೊಲ ನೋಡ್ರಿ. ತುಳುಕಿದ್ರ ಮೊದ್ಲ ನಮ್ಮ ಹೊಲಕ್ಕ ಬರ್ತೈತಿ. ಮಳಿಗಾಲಕ್ಕಿಂತ ಮೊದ್ಲ ಒಡ್ಡು ಹಾಕಸ್ಬೇಕು.’