ಕೆಂಪು ಗೆರೆ ಎಳೆದ ಪುಟ

ಒಂದೇ ಪುಟದಲ್ಲಿ ಐದು ಕೆಂಪು ಗೆರೆ. ಎಲ್ಲಾ ನಾನೇ ಎಳೆದದ್ದು. ‘ಐ ಗೋಡ್’, ‘ಶೀ ಗಿವ್ಡ್’, ‘ವೀ ಸಿಂಗ್ಡ್’, ‘ಐ ಬ್ರಿಂಗ್ಡ್’, ‘ಹೀ ಕಮ್ಡ್’. ರಜೆಯ ದಿನ ಏನು ಮಾಡಿದಿರಿ ಅಂತ ಇಂಗ್ಲಿಷಿನಲ್ಲಿ ಬರೆದು ತರಲು ಮಕ್ಕಳಿಗೆ ಹೇಳಿದ್ದೆ. ನೋಟ್‌ಬುಕ್ ವಾಪಸ್ ಕೊಟ್ಟಾಗ ಒಂಬತ್ತು ವರ್ಷದ ಆ ಹುಡುಗಿ ಸೀದಾ ನನ್ನ ಮೇಜಿನ ಹತ್ತಿರ ಬಂದಳು. “ಮಿಸ್, ಮುಗಿದ ಕೆಲಸಕ್ಕೆ ಇ-ಡಿ ಸೇರಿಸಬೇಕು ಅಂತ ನೀವೇ ಹೇಳಿದ್ರಲ್ವಾ?”

ಹೇಳಿದ್ದೆ. ಹಿಂದಿನ ವಾರ ಪೂರ್ತಿ ಅದೇ ಪಾಠ. ಬರೆಯುವಾಗ ಒಂದೇ ಇ-ಡಿ, ಹೇಳುವಾಗ ಮಾತ್ರ ವಾಕ್ಟ್, ಪ್ಲೇಡ್, ವಾಂಟೆಡ್ ಅಂತ ಮೂರು ಥರ ಎಂದು ಮತ್ತೆ ಮತ್ತೆ ಹೇಳಿಸಿದ್ದೆ. ‘ಗೋಡ್’ ಅನ್ನುವ ಪದವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಯಮ ಹಿಡಿದು ಅವಳೇ ಕಟ್ಟಿದ ಪದ ಅದು. ನಾನು ಗೆರೆ ಎಳೆದದ್ದು ಅವಳು ಯೋಚನೆ ಮಾಡಿದ್ದಕ್ಕೆ. ಅದು ತಿಳಿದಾಗ ನಿಜಕ್ಕೂ ಬೇಜಾರಾಯಿತು.

‘ಇಂಗ್ಲಿಷ್ ಇರೋದೇ ಹಾಗೆ, ಸುಮ್ನೆ ಬಾಯಿಪಾಠ ಮಾಡು’ ಎನ್ನುವ ಉತ್ತರ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ತಂಗಿಯ ಮಗ ನೆನಪಾದ. ಮೂರು ವರ್ಷದವನಿದ್ದಾಗ “ಅಜ್ಜಿ ಚೆಂಡು ಕೊಡಿದ್ಲು” ಎನ್ನುತ್ತಿದ್ದ. ಬೋರ್ಡಿನ ಮೇಲೆ ಕನ್ನಡದಲ್ಲೇ ಬರೆದೆ: ಮಾಡು–ಮಾಡಿದ, ನೋಡು–ನೋಡಿದ, ಕೊಡು–?

“ಕೊಟ್ಟ!” ಇಡೀ ತರಗತಿ ಕೂಗಿತು.

“ಕೊಡಿದ ಯಾಕಲ್ಲ?”

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಗು. ಹಾಗಾದ್ರೆ ‘ನಗು’ ಏನಾಗುತ್ತೆ ಅಂದೆ. ನಕ್ಕ. ಬಾ? ಬಂದ. ಅಲ್ಲಿಂದ ಮುಂದೆ ಪಾಠ ನನ್ನ ಕೈಯಲ್ಲಿ ಇರಲಿಲ್ಲ. ಇಡು–ಇಟ್ಟ, ಬಿಡು–ಬಿಟ್ಟ, ಸುಡು–ಸುಟ್ಟ, ನೆಡು–ನೆಟ್ಟ ಅಂತ ಅವರೇ ಹುಡುಕಿ ಹುಡುಕಿ ಕೊಟ್ಟರು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಮಿಸ್, ಮಾಡು, ನೋಡು, ಹಾಡು, ಓಡು ಎಲ್ಲಾ ಉದ್ದಕ್ಕೆ ಎಳೀಬೇಕು. ಕೊಡು, ಬಿಡು, ಸುಡು ಗಿಡ್ಡ. ಗಿಡ್ಡ ಇರೋದಕ್ಕೆಲ್ಲ ‘ಟ್ಟ’ ಬರುತ್ತೆ.” ಹುಟ್ಟಿದಾಗಿನಿಂದ ಕನ್ನಡ ಆಡಿದ್ದೇನೆ, ನನಗೇ ಇದು ಹೊಳೆದಿರಲಿಲ್ಲ.

ಅದೇ ಕಣ್ಣಿನಿಂದ ಇಂಗ್ಲಿಷ್ ಕಡೆ ತಿರುಗಿದೆವು. ಇ-ಡಿ ಸೇರದ ಕ್ರಿಯಾಪದಗಳನ್ನು ಪುಸ್ತಕದ ಹಿಂದೆ ಎ-ಯಿಂದ ಜ಼ೆಡ್‌ವರೆಗೆ ಕೊಟ್ಟಿದ್ದ ಪಟ್ಟಿಯನ್ನು ಬಿಡಿಸಿ, ಒಂದೇ ಥರ ಬದಲಾಗುವವನ್ನು ಒಂದೊಂದು ಮನೆಗೆ ಸೇರಿಸಿದೆವು. ಸಿಂಗ್–ಸ್ಯಾಂಗ್, ರಿಂಗ್–ರ‍್ಯಾಂಗ್, ಡ್ರಿಂಕ್–ಡ್ರ್ಯಾಂಕ್ ಒಂದು ಮನೆ. ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಕ್ಯಾಚ್–ಕಾಟ್ ಇನ್ನೊಂದು. ಪುಟ್, ಕಟ್, ಹಿಟ್ ಬದಲಾಗುವುದೇ ಇಲ್ಲ. ಸಿಂಗ್, ಬ್ರಿಂಗ್ ಕೇಳಲು ಒಂದೇ ಥರ, ಮನೆ ಮಾತ್ರ ಬೇರೆ. ಅದಕ್ಕೆ ದೊಡ್ಡ ಗಲಾಟೆಯೇ ಆಯಿತು.

ಉಳಿದದ್ದು ಗೋ–ವೆಂಟ್. ಅದನ್ನು ಮನೆಗೆ ಹೋಗಿ ನಿಘಂಟಿನಲ್ಲಿ ನೋಡಿದೆ. ‘ವೆಂಟ್’ ಮೊದಲು ‘ಗೋ’ದ ಭೂತಕಾಲ ಆಗಿರಲೇ ಇಲ್ಲ. ಅದು ‘ವೆಂಡ್’ ಎಂಬ ಬೇರೆ ಕ್ರಿಯಾಪದದ್ದು, ಸೆಂಡ್–ಸೆಂಟ್ ಇದ್ದ ಹಾಗೆ. ‘ಗೋ’ದ ಹಳೆಯ ಭೂತಕಾಲ ಬಳಕೆ ತಪ್ಪಿ, ಆ ಜಾಗಕ್ಕೆ ಇದು ಬಂದು ಕೂತಿತು. ಮರುದಿನ ಹೇಳಿದೆ. ಆಮೇಲೆ ಆ ತರಗತಿಯಲ್ಲಿ ‘ಗೋಡ್’ ಬರೆದವರಿಲ್ಲ. ಕಥೆ ಸಿಕ್ಕಿದ ಪದ ಮಕ್ಕಳಿಗೆ ಬೇಗ ಅಂಟುತ್ತದೆ.

ಎರಡು ವಾರದ ನಂತರ ‘ಇಲ್ಲ’ ಎನ್ನುವ ವಾಕ್ಯಗಳ ಪಾಠ. ಸಾಲುಗಳ ನಡುವೆ ಓಡಾಡುತ್ತಾ ಆ ಹುಡುಗಿಯ ಹತ್ತಿರ ನಿಂತೆ. ‘ಐ ಡಿಡ್ ನಾಟ್ ವೆಂಟ್’ ಎಂದು ಬರೆದಿದ್ದಳು. ನಾನು ಬಾಯಿ ಬಿಡಲಿಲ್ಲ. ಪೆನ್ಸಿಲ್ ತುದಿ ಗಲ್ಲಕ್ಕಿಟ್ಟುಕೊಂಡು ಅವಳು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು: “ಹೋದೆ... ಹೋದಲಿಲ್ಲ... ಅಲ್ಲ, ಹೋಗಲಿಲ್ಲ.” ‘ವೆಂಟ್’ ಅಳಿಸಿ ‘ಗೋ’ ಬರೆದಳು.